ಮೇಜಿನ ಮೇಲೊಂದು ಉಗಿ ಎಂಜಿನ್

ನಮ್ಮ ದಾದಾ ಹೊಳೆನರಸೀಪುರದವರು. ಮೈಸೂರು–ಅರಸೀಕೆರೆ ಮೀಟರ್ ಗೇಜ್ ಹಳಿಯ ಮೇಲೆ ಓಡುತ್ತಿದ್ದ ಕಲ್ಲಿದ್ದಲ ಗಾಡಿಯ ಕಥೆಯನ್ನು ಅವರು ಎಷ್ಟೋ ಸಲ ಹೇಳಿದ್ದಾರೆ. ಕಳೆದ ರಜೆಯಲ್ಲಿ ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಅಂಥ ಎಂಜಿನ್‌ಗಳನ್ನು ಮುಟ್ಟಿ ನೋಡಿದೆ. ಅಂಗೈಯಷ್ಟು ದೊಡ್ಡದೊಂದನ್ನು ನಾನೇ ಮಾಡಬೇಕೆಂಬ ಆಸೆ ಹುಟ್ಟಿದ್ದು ಅಲ್ಲೇ.

1 ಲೀಟರ್ ನೀರು 100 ಡಿಗ್ರಿಯಲ್ಲಿ ಪೂರ್ತಿ ಉಗಿಯಾದರೆ ಸುಮಾರು 1,670 ಲೀಟರ್ ಜಾಗ ಬೇಡುತ್ತದೆ. ಜಾಗ ಕೊಡದಿದ್ದರೆ ಒತ್ತುತ್ತದೆ. ಆ ಒತ್ತಡದಿಂದ ಪಿಸ್ಟನ್ ತಳ್ಳಿಸುವುದೇ ಉಗಿ ಎಂಜಿನ್.

ಮಾದರಿಗಳಲ್ಲಿ ಬಹಳ ಸುಲಭವಾದದ್ದು ತೂಗಾಡುವ ಸಿಲಿಂಡರಿನ ಎಂಜಿನ್. ಸಿಲಿಂಡರಿಗೆ ಒಂದೇ ರಂಧ್ರ, ಅದರ ಹಿಂದಿನ ತಗಡಿಗೆ ಎರಡು ರಂಧ್ರ. ಸಿಲಿಂಡರ್ ಒಂದು ಕಡೆ ವಾಲಿದಾಗ ಉಗಿ ಒಳಗೆ ನುಗ್ಗಿ ಪಿಸ್ಟನನ್ನು ತಳ್ಳುತ್ತದೆ. ನೆಟ್ಟಗಾದಾಗ ದಾರಿ ಮುಚ್ಚುತ್ತದೆ. ಇನ್ನೊಂದು ಕಡೆ ವಾಲಿದಾಗ ಬಳಸಿದ ಉಗಿ ಹೊರಗೆ ಹೋಗುತ್ತದೆ. ಪಿಸ್ಟನನ್ನು ವಾಪಸ್ ತರುವ ಕೆಲಸ ಭಾರವಾದ ಫ್ಲೈವೀಲಿನದು.

ಪಿಸ್ಟನಿನ ಹಿಂದೆ-ಮುಂದೆ ಚಲನೆಯನ್ನು ತಿರುಗಾಟವಾಗಿ ಬದಲಿಸುವುದು ಕ್ರ್ಯಾಂಕ್. ಇದು ಬಹಳ ಹಳೆಯ ಉಪಾಯ. ಅಲ್ ಜಝರಿ 1206ರ ತಮ್ಮ ಯಂತ್ರಗಳ ಗ್ರಂಥದಲ್ಲಿ ವರ್ಣಿಸಿದ ನೀರೆತ್ತುವ ಪಂಪಿನಲ್ಲಿ ಚಕ್ರದ ತಿರುಗಾಟ ಪಿಸ್ಟನನ್ನು ಓಡಿಸುತ್ತದೆ. ಉಗಿ ಎಂಜಿನ್ ಅದನ್ನೇ ತಿರುವುಮುರುವಾಗಿ ಮಾಡುತ್ತದೆ.

ಚನ್ನರಾಯಪಟ್ಟಣದಲ್ಲಿ ಲೇತ್ ಕೆಲಸ ಮಾಡುವ ಮಾಮೂ ಹಿತ್ತಾಳೆಯಲ್ಲಿ ಸಿಲಿಂಡರ್, ಪಿಸ್ಟನ್ ಕಡೆದುಕೊಟ್ಟರು. ಜೋಡಿಸಿದ್ದು ನಾನು. ಸೈಕಲ್ ಪಂಪಿನಿಂದ ಗಾಳಿ ಕೊಟ್ಟರೆ ಚಕ್ರ ಅರ್ಧ ಸುತ್ತಿಗೇ ನಿಂತಿತು. ಹದಿನೈದು ದಿನ ಅದೇ ಪಾಡು. ಕೊನೆಗೆ ಮಾಮೂ ಸಿಲಿಂಡರಿಗೂ ತಗಡಿಗೂ ನಡುವೆ ಸೋಪು ನೀರು ಹಚ್ಚಿದರು. ಗುಳ್ಳೆ ಬಂತು! ಗಾಳಿ ಸೋರುತ್ತಿತ್ತು. ಗಾಜಿನ ಮೇಲೆ ನಯವಾದ ಎಮರಿ ಕಾಗದ ಹರಡಿ ಎರಡೂ ಮುಖಗಳನ್ನು ಸಮವಾಗುವವರೆಗೆ ಉಜ್ಜಿದೆ. ಒಂದು ಹನಿ ಎಣ್ಣೆ ಬಿಟ್ಟೆ. ಈ ಸಲ ಚಕ್ರ ನಿಲ್ಲಲಿಲ್ಲ.

ಅರಕಲಗೂಡಿನ ಗೆಳೆಯ ಪಂಪ್ ಒತ್ತುತ್ತಾ, "ನಮ್ಮೂರಿಗೆ ರೈಲೇ ಬಂದಿಲ್ಲ, ನಿನ್ನ ಎಂಜಿನ್ನಾದರೂ ಬರಲಿ ಕಣೋ" ಎಂದು ನಕ್ಕ.

ಮುಂದೆ ನಾನು ಮಾಡಹೊರಟಿದ್ದು ದೊಡ್ಡ ತಪ್ಪು. ಖಾಲಿ ಡಬ್ಬಿಯೊಂದನ್ನು ಬೆಸುಗೆ ಹಾಕಿ ಬಾಯ್ಲರ್ ಮಾಡೋಣವೆಂದುಕೊಂಡೆ. ಭೌತಶಾಸ್ತ್ರದ ಸರ್‌ಗೆ ತೋರಿಸಿದಾಗ ಅವರು ಬೈಯಲಿಲ್ಲ, ಲೆಕ್ಕ ಮಾಡಿಸಿದರು. ಡಬ್ಬಿಯ ಮುಚ್ಚಳದ ಅಗಲ 10 ಸೆಂ.ಮೀ., ಅಂದರೆ ವಿಸ್ತೀರ್ಣ ಸುಮಾರು 78 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 2 ಕೆ.ಜಿ. ಒತ್ತಡವಾದರೂ ಮುಚ್ಚಳದ ಮೇಲೆ 156 ಕೆ.ಜಿ. ಬೀಳುತ್ತದೆ. ಮೂರು ಅಕ್ಕಿ ಮೂಟೆಗಿಂತ ಹೆಚ್ಚು! "ಕೊಳವೆ ಕಟ್ಟಿಕೊಂಡರೆ ಉಗಿ ಎಲ್ಲಿಗೆ ಹೋಗಬೇಕು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಮನೆಗೆ ಬಂದು ಅಮ್ಮಿಯ ಕುಕ್ಕರ್ ನೋಡಿದೆ. ವಿಷಲ್ ಕಟ್ಟಿಕೊಂಡರೂ ಉಗಿಗೆ ದಾರಿ ಬಿಡಲೆಂದು ಮುಚ್ಚಳದಲ್ಲಿ ಇನ್ನೊಂದು ಸೇಫ್ಟಿ ವಾಲ್ವ್ ಇದೆ. ದಿನಾ ನೋಡುತ್ತಿದ್ದೆ, ಏಕೆಂದು ಯೋಚಿಸಿರಲಿಲ್ಲ.

ಹಾಗಾಗಿ ನನ್ನ ಎಂಜಿನ್ ಇಂದಿಗೂ ಗಾಳಿಯಿಂದಲೇ ಓಡುತ್ತದೆ. ಗೆಳೆಯರೇ, ನೀವೂ ಎಂಜಿನ್ ಮಾಡಿ, ಪಂಪಿನಿಂದ ಓಡಿಸಿ. ಬಾಯ್ಲರನ್ನು ಮಾತ್ರ ಬಲ್ಲವರ ಕೈಗೆ ಬಿಡಿ. ನೋಡಬೇಕೆನಿಸಿದರೆ ಭೌತಶಾಸ್ತ್ರ ಲ್ಯಾಬಿಗೆ ಬನ್ನಿ. ಬರುವಾಗ ಸೈಕಲ್ ಪಂಪ್ ತನ್ನಿ.