ತಿಂಗಳಲ್ಲಿ ಕಾದಂಬರಿ: ಎಷ್ಟು ನಿಜ, ಎಷ್ಟು ಸುಳ್ಳು?

ಬೇಲೂರು, ಹಳೇಬೀಡು ನೋಡಿ ಬಂದವರಿಗೆ ಹೊಯ್ಸಳ ರಾಣಿ ಶಾಂತಲೆಯ ಮೇಲೊಂದು ಕಾದಂಬರಿ ಬರೆಯೋಣ ಅನ್ನಿಸುವುದು ಸಹಜ. ಕಂಪ್ಯೂಟರಿನಲ್ಲಿ ಬರವಣಿಗೆಯ ತಂತ್ರಾಂಶ ಹಾಕಿಕೊಂಡು ಕೂತರೆ ತಿಂಗಳೊಳಗೆ ಪುಸ್ತಕ ಸಿದ್ಧ ಎಂಬ ಮಾತೂ ಈಗ ಹಬ್ಬಿದೆ. ಆಸೆ ಒಳ್ಳೆಯದೇ. ಮಾತು ಮಾತ್ರ ಅರ್ಧ ನಿಜ.

ನಂಬಿಕೆ: ಮೂವತ್ತು ದಿನಕ್ಕೆ ಕಾದಂಬರಿ ಮುಗಿಯುತ್ತದೆ.

ಮುಗಿಯುವುದು ಮೊದಲ ಕರಡು. 1999ರಲ್ಲಿ ಅಮೆರಿಕದ ಕ್ರಿಸ್ ಬಾಟಿ 21 ಮಂದಿಯೊಡನೆ ಶುರುಮಾಡಿದ ‘ನ್ಯಾನೋರೈಮೊ’ ಎಂಬ ತಿಂಗಳ ಬರವಣಿಗೆಯ ಪಂಥದ ಗುರಿ 50,000 ಪದವಾಗಿತ್ತು, ಅಂದರೆ ದಿನಕ್ಕೆ ಸುಮಾರು 1,667. ಆ ಪಂಥದಲ್ಲೇ ಮೊಳೆತ ಎರಿನ್ ಮಾರ್ಗನ್‌ಸ್ಟರ್ನ್ ಅವರ ‘ದಿ ನೈಟ್ ಸರ್ಕಸ್’ ವರ್ಷಗಟ್ಟಲೆ ತಿದ್ದಿಸಿಕೊಂಡು 2011ರಲ್ಲಿ ಅಚ್ಚಾಯಿತು. ಇನ್ನು 50,000 ಎಂಬುದು ಇಂಗ್ಲಿಷಿನ ಲೆಕ್ಕ. ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಅಷ್ಟೇ ಕಥೆಗೆ ಕಡಿಮೆ ಪದ ಸಾಕು. ನಮ್ಮವರು ಪದ ಎಣಿಸುವ ಬದಲು ದಿನಕ್ಕೊಂದು ದೃಶ್ಯ ಬರೆಯುವುದು ಮೇಲು.

ನಂಬಿಕೆ: ಈ ತಂತ್ರಾಂಶವೆಲ್ಲ ಕನ್ನಡಕ್ಕೆ ಒಗ್ಗುವುದಿಲ್ಲ.

ಹಳೆಯ ಫಾಂಟಿನ ಕಾಲದ ಭಯ ಇದು. ಆಗ ಒಂದು ಕಂಪ್ಯೂಟರಿನ ಕಡತ ಇನ್ನೊಂದರಲ್ಲಿ ಚಿತ್ರವಿಚಿತ್ರ ಅಕ್ಷರವಾಗಿ ತೆರೆದುಕೊಳ್ಳುತ್ತಿತ್ತು. ಯೂನಿಕೋಡ್‌ನಲ್ಲಿ ಬರೆದರೆ ಆ ಕಾಟವಿಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಕಾಯುತ್ತಾ ಮೊಬೈಲಿಗೆ ಕನ್ನಡದಲ್ಲಿ ಹೇಳಿ ಬರೆಸಿದ್ದನ್ನು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಮುಂದುವರಿಸಬಹುದು.

ನಂಬಿಕೆ: ತಪ್ಪಿದ್ದರೆ ತಂತ್ರಾಂಶವೇ ಹಿಡಿಯುತ್ತದೆ.

ನನಗೆ ಹೆಚ್ಚು ಕಳವಳ ತರುವ ನಂಬಿಕೆ ಇದು. ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಬೀಳುತ್ತದೆ, ಕಾಲದ ತಪ್ಪಿಗೆ ಬೀಳುವುದಿಲ್ಲ. ಅರಸೀಕೆರೆಯ ಈಶ್ವರ ಗುಡಿಯ ನಕ್ಷತ್ರಾಕಾರದ ಮಂಟಪದಲ್ಲಿ ಶಾಂತಲೆಯನ್ನು ಕುಣಿಸಿ ನೋಡಿ, ಯಾವ ತಂತ್ರಾಂಶವೂ ತಡೆಯದು. ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡದ್ದು 1131ರಲ್ಲಿ. ಆ ಗುಡಿ ಎದ್ದದ್ದು 1220ರ ಸುಮಾರಿಗೆ. ಬೇಲೂರಿನ ಶಿಲ್ಪಿ ಎಂದು ಜನ ಹೇಳುವ ಜಕಣಾಚಾರಿಯ ವಿಷಯವೂ ಹಾಗೆಯೇ. ಅವನ ಮತ್ತು ಅವನ ಮಗನ ಕಥೆ ಮನಸ್ಸಿಗೆ ನಾಟುವಂಥದ್ದು, ನಿಜ. ಆದರೆ ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಸಿಗುವ ಹೆಸರುಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳವು. ದಂತಕಥೆಯನ್ನು ಕಾದಂಬರಿಗೆ ತರಬಾರದೆಂದಲ್ಲ. ಅದು ದಂತಕಥೆ ಎಂದು ಬರೆಯುವವರಿಗೆ ತಿಳಿದಿರಬೇಕು. ತಾವೇ ಹೆಸರು ಕೊರೆದಿಟ್ಟು ಹೋದವರನ್ನು ಅವಸರದಲ್ಲಿ ಮರೆಯುವುದು ಅನ್ಯಾಯ.

ಶಾಂತಲೆಯ ಮೇಲೆ ಈಗಾಗಲೇ ಬಂದಿರುವ ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ನಾಲ್ಕು ಭಾಗಗಳ ಕಾದಂಬರಿ. 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಪಡೆಯಿತು. ಅಷ್ಟು ವಿಸ್ತಾರ ಎಲ್ಲರಿಗೂ ಬೇಕಿಲ್ಲ, ಇಸವಿ, ಹೆಸರು ಸರಿನೋಡುವ ತಾಳ್ಮೆ ಮಾತ್ರ ಎಲ್ಲರಿಗೂ ಬೇಕು.

ನಂಬಿಕೆ: ಹಾಗಾದರೆ ಬೇಗ ಬರೆಯುವುದೇ ತಪ್ಪು.

ಅಲ್ಲವೇ ಅಲ್ಲ. ಮೊದಲ ಅಧ್ಯಾಯವನ್ನೇ ತಿದ್ದುತ್ತಾ ಕೂತು ಕೈಬಿಟ್ಟವರು ಬಹಳ. ಒಂದು ಉಸಿರಿನಲ್ಲಿ ಕೊನೆಯವರೆಗೆ ಬರೆದಾಗಲೇ ಕಥೆಯ ಬೆನ್ನುಮೂಳೆ ಕಾಣುವುದು. ಸ್ಕ್ರಿವ್ನರ್‌ನಂಥ ತಂತ್ರಾಂಶದ ನಿಜವಾದ ಉಪಯೋಗ ಅಲ್ಲಿದೆ: ದೃಶ್ಯಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಂಡು ಹಿಂದುಮುಂದು ಮಾಡಬಹುದು, ಟಿಪ್ಪಣಿಗಳನ್ನು ಪಕ್ಕದಲ್ಲೇ ಇಡಬಹುದು. ಇಸವಿಯೋ ಹೆಸರೋ ಅನುಮಾನ ಬಂದಲ್ಲಿ ಬಣ್ಣದ ಗುರುತು ಹಾಕಿ ಮುಂದೆ ಹೋಗಿ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳಿವೆ, ಬೇಲೂರು, ಅರಸೀಕೆರೆ ತಾಲ್ಲೂಕಿನವೂ ಅದರಲ್ಲೇ ಸಿಗುತ್ತವೆ. ಎರಡನೆಯ ತಿಂಗಳು ಆ ಗುರುತುಗಳನ್ನು ಒಂದೊಂದಾಗಿ ಅದರೊಡನೆ ಹೋಲಿಸಿ ಅಳಿಸುತ್ತಾ ಬನ್ನಿ.