ತಡವಾಗಿ ಬಿತ್ತಿದ ಗೋಧಿಗೆ ಚಳಿ ದಕ್ಕದು

ರಾಯಚೂರು: ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಮಾನ್ವಿ ಭಾಗದಲ್ಲಿ ಮುಂಗಾರು ಭತ್ತದ ಕೊಯ್ಲು ಮುಗಿಯುವ ವೇಳೆಗೆ ಹಲವೆಡೆ ಡಿಸೆಂಬರ್ ಬಂದಿರುತ್ತದೆ. ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗ ಭಾಗದಲ್ಲಿ ಹತ್ತಿ ಬಿಡಿಸುವ ಕೆಲಸ ಜನವರಿಯವರೆಗೂ ಸಾಗುವುದುಂಟು. ಹೀಗೆ ತಡವಾಗಿ ತೆರವಾದ ಹೊಲಕ್ಕೆ ಗೋಧಿ ಬಿತ್ತಬಹುದೇ? ಇದಕ್ಕೆ ಉತ್ತರ ಗೋಧಿಗೂ ಚಳಿಗೂ ಇರುವ ನಂಟಿನಲ್ಲಿದೆ.

ಗೋಧಿಯಲ್ಲಿ ಮುಖ್ಯವಾಗಿ ಎರಡು ಬಗೆ. ಯುರೋಪ್, ಉತ್ತರ ಅಮೆರಿಕದ ಶೀತ ಪ್ರದೇಶಗಳ ಚಳಿಗಾಲದ ಗೋಧಿಯು ಎಳೆಯ ಸಸಿಯಾಗಿದ್ದಾಗ ಹಲವು ವಾರ, ಸೊನ್ನೆಯಿಂದ ಏಳೆಂಟು ಡಿಗ್ರಿ ಸೆಲ್ಸಿಯಸ್ ಚಳಿಯನ್ನು ಉಣ್ಣಲೇಬೇಕು. ಅದನ್ನು ವಸಂತದ ಕೊನೆಗೆ ಬಿತ್ತಿದರೆ ಹುಲ್ಲಿನಂತೆ ಹರಡಿ ನಿಲ್ಲುತ್ತದೆಯೇ ಹೊರತು ಸಕಾಲಕ್ಕೆ ತೆನೆ ಬಿಡದು. ವಸಂತ ಗೋಧಿಗೆ ಇಂಥ ಕಟ್ಟುಪಾಡಿಲ್ಲ. ನಮ್ಮ ಹಿಂಗಾರಿ ತಳಿಗಳು ಈ ಬಗೆಯವು. 1966ರಲ್ಲಿ ಭಾರತ ಮೆಕ್ಸಿಕೊದಿಂದ ತರಿಸಿಕೊಂಡ 18,000 ಟನ್ ಬಿತ್ತನೆ ಬೀಜವೂ ಇದೇ ವರ್ಗದ ಗಿಡ್ಡ ತಳಿಗಳದ್ದು.

ಹಾಗಾದರೆ ರಾಯಚೂರಿನ ಗೋಧಿಗೆ ಚಳಿ ಬೇಡವೇ? ಬೇಕು. ಆದರೆ ತೆನೆ ಬಿಡಲು ಅಲ್ಲ, ತೆಂಡೆ ಒಡೆಯಲು ಮತ್ತು ಕಾಳು ತುಂಬಲು. ನವೆಂಬರ್ ಮೊದಲ ಪಾಕ್ಷಿಕದಲ್ಲಿ ಬಿತ್ತಿದ ಬೆಳೆ ಜನವರಿಯ ತಂಪಿನಲ್ಲಿ ಹೂವಾಗಿ, ಬೇಸಿಗೆ ಬಲಿಯುವ ಮೊದಲೇ ಕಾಳು ಕಟ್ಟುತ್ತದೆ. ಜನವರಿಯಲ್ಲಿ ಬಿತ್ತಿದ್ದು ಮಾರ್ಚ್‌ನಲ್ಲಿ, 35 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹೂವಾಗುತ್ತದೆ. ಶಾಖ ಹೆಚ್ಚಿದಷ್ಟೂ ಗಿಡ ಅವಸರದಿಂದ ಮಾಗುತ್ತದೆ. ಪರಾಗ ಕೆಡುತ್ತದೆ, ಹಾಲ್ದುಂಬುವ ದಿನಗಳು ಕಡಿಮೆಯಾಗುತ್ತವೆ, ಕಾಳು ಸುಕ್ಕುಗಟ್ಟುತ್ತದೆ. ಹೊಲ ಹಸಿರಾಗಿ ಕಂಡರೂ ರಾಶಿಯಲ್ಲಿ ತೂಕ ಬಾರದು.

ಡಿಸೆಂಬರ್ ಮೊದಲ ಪಾಕ್ಷಿಕದವರೆಗಿನ ವಿಳಂಬವನ್ನು ಕೆಲಮಟ್ಟಿಗೆ ಸರಿದೂಗಿಸಬಹುದು. ದಕ್ಷಿಣ ಭಾಗಕ್ಕೆ ತಡ ಬಿತ್ತನೆಗೆಂದೇ ರೂಪಿಸಿದ ಎಚ್.ಡಿ. 2932ರಂಥ ಅಲ್ಪಾವಧಿ ತಳಿ ಆರಿಸಬೇಕು. ತೆಂಡೆ ಕಡಿಮೆಯಾಗುವುದರಿಂದ ಹೆಕ್ಟೇರಿಗೆ 100 ಕಿಲೋ ಬದಲು 125 ಕಿಲೋ ಬೀಜ ಹಾಕಿ, ಸಾಲಿನ ಅಂತರವನ್ನು 18 ಸೆಂ.ಮೀ.ಗೆ ಇಳಿಸಬೇಕು. ಬಿತ್ತಿದ ಮೂರು ವಾರಕ್ಕೆ, ಹೊಸ ಬೇರು ಬಿಡುವಾಗ ನೀರು ತಪ್ಪಬಾರದು; ಕಾಳು ತುಂಬುವಾಗ ಹಗುರವಾದ ನೀರು ಶಾಖದ ಹೊಡೆತವನ್ನು ತುಸು ತಗ್ಗಿಸುತ್ತದೆ.

ಅದನ್ನೂ ಮೀರಿದರೆ ಯಾವ ತಳಿಯೂ ಕಳೆದುಹೋದ ಚಳಿಯನ್ನು ಮರಳಿ ತಂದುಕೊಡದು. ಕಾಲುವೆಗೆ ನೀರು ಬಿಡುವ ಖಾತ್ರಿಯಿದ್ದರೆ ಬೇಸಿಗೆ ಶೇಂಗಾ ಅಥವಾ ಎಳ್ಳಿನತ್ತ ಹೊರಳುವುದೇ ಲೇಸು. ಹೊಲ ಬಿಡುವಾದ ದಿನವನ್ನಷ್ಟೇ ನೋಡದೆ, ಕಾಳು ತುಂಬುವ ದಿನವನ್ನು ಎಣಿಸಿ ಕೂರಿಗೆ ಹೂಡುವುದು ಜಾಣತನ.