ಸಂತ ಜೋನಳ ಬೂದಿ ಬಿದ್ದ ಊರಿನಲ್ಲಿ ಎರಡು ದಿನ



ಮೇ 30 ಸಂತ ಜೋನ್ ಆಫ್ ಆರ್ಕಳ ಹಬ್ಬ. ನಮ್ಮ ಧರ್ಮಕೇಂದ್ರಗಳಲ್ಲಿ ಈ ಹಬ್ಬಕ್ಕೆ ನೊವೇನಾ ಇಲ್ಲ, ತೇರು ಇಲ್ಲ. ಮರಿಯಮ್ಮನವರ ತಿಂಗಳ ಮುಕ್ತಾಯ, ಮಕ್ಕಳ ಶಾಲೆ ತೆರೆಯುವ ಗಡಿಬಿಡಿ, ಇವುಗಳ ನಡುವೆ ಆ ದಿನ ಸದ್ದಿಲ್ಲದೆ ಕಳೆದುಹೋಗುತ್ತದೆ. ಆದರೆ ಲೂರ್ದು ಯಾತ್ರೆಗೆಂದು ಫ್ರಾನ್ಸಿಗೆ ಹೋಗುವವರು, ಯುರೋಪಿನಲ್ಲಿ ಓದುವ ಅಥವಾ ದುಡಿಯುವ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಿಗಳು ಈಗ ನಮ್ಮ ಕುಟುಂಬಗಳಲ್ಲಿ ಅಪರೂಪವಲ್ಲ. ಪ್ಯಾರಿಸಿನಲ್ಲಿ ಐಫೆಲ್ ಗೋಪುರ ನೋಡಿದ್ದಾಯಿತು, ಒಂದು ಶನಿವಾರ ಭಾನುವಾರ ಕೈಯಲ್ಲಿ ಉಳಿದಿದೆ, ಎಲ್ಲಿಗೆ ಹೋಗೋಣ ಎಂದು ಕೇಳುವವರಿಗೆ ನಾನು ಹೇಳುವುದು ಉತ್ತರ ಫ್ರಾನ್ಸಿನ ನಾರ್ಮಂಡಿಯ ಹಳೆಯ ನಗರವಾದ ರುವಾನಿನ ಹೆಸರನ್ನು.

ಪ್ಯಾರಿಸಿನ ಸೇಂಟ್ ಲಜಾರ್ ನಿಲ್ದಾಣದಿಂದ ಅಲ್ಲಿಗೆ ನೇರ ರೈಲುಗಳಿವೆ. ಒಂದೂವರೆ ಗಂಟೆಯ ಪ್ರಯಾಣ. ಫ್ರೆಂಚರ ಬಾಯಲ್ಲಿ ಕೊನೆಯ ಅಕ್ಷರ ಮೂಗಿನಲ್ಲೇ ಕರಗಿ 'ರುವಾಂ' ಎಂದು ಕೇಳಿಸುತ್ತದೆ. ರೈಲಿನಲ್ಲಿ ಘೋಷಣೆ ಕೇಳುವಾಗ ಇದು ನೆನಪಿರಲಿ. ಊರಿನ ನಡುವೆ ಸೇನ್ ನದಿ ಹರಿಯುತ್ತದೆ. ನೋಡಬೇಕಾದ ಹಳೆಯ ಪೇಟೆಯೆಲ್ಲ ಬಲದಂಡೆಯಲ್ಲಿದೆ, ರೈಲು ನಿಲ್ದಾಣವೂ ಅಲ್ಲೇ ಇದೆ. ಉಳಿದುಕೊಳ್ಳುವ ಕೋಣೆಯನ್ನೂ ಅದೇ ದಂಡೆಯಲ್ಲಿ ಹಿಡಿದರೆ ಮೊದಲ ದಿನ ಬಸ್ಸು ಹತ್ತುವ ಗೋಜೇ ಇಲ್ಲ. ಕೊಡೆ ಮಾತ್ರ ಮರೆಯಬೇಡಿ. ಅಲ್ಲಿನ ಮಳೆಯ ಬಗ್ಗೆ ಫ್ರೆಂಚರೇ ಮಾಡುವ ತಮಾಷೆಗಳನ್ನು ಈ ಪತ್ರಿಕೆಯಲ್ಲಿ ಬರೆಯುವಂತಿಲ್ಲ!

ಪ್ರವಾಸದ ಗುಂಪುಗಳು ಈ ಊರನ್ನು ಮೂರು ಗಂಟೆಯಲ್ಲಿ ಮುಗಿಸುತ್ತವೆ. ಪ್ರಧಾನಾಲಯದ ಮುಂದೆ ಒಂದು ಫೋಟೋ, ದೊಡ್ಡ ಗಡಿಯಾರದ ಬೀದಿಯಲ್ಲಿ ಒಂದು ನಡಿಗೆ, ಹಳೆಯ ಮಾರುಕಟ್ಟೆಯ ಚೌಕದಲ್ಲಿ ಊಟ, ಅಷ್ಟೆ. 'ಇಲ್ಲಿ ಒಬ್ಬ ಹುಡುಗಿಯನ್ನು ಸುಟ್ಟರು' ಎಂದು ಮಾರ್ಗದರ್ಶಕ ಹೇಳುತ್ತಾನೆ. ಜೊತೆಗಿರುವ ಮಗುವೊಂದು 'ಯಾರು ಸುಟ್ಟರು?' ಎಂದು ಕೇಳಿದರೆ ದೊಡ್ಡವರು 'ಇಂಗ್ಲಿಷರು' ಎಂದು ಹೇಳಿ ಮುಂದೆ ನಡೆಯುತ್ತಾರೆ. ಅದು ಅರ್ಧ ಉತ್ತರ. ಪೂರ್ತಿ ಉತ್ತರವನ್ನು ಮಗುವಿಗೆ ಹೇಳಬೇಕೆಂದಿರುವ ಕಥೋಲಿಕ ಕುಟುಂಬ ಎರಡು ದಿನ ಇಟ್ಟುಕೊಳ್ಳಬೇಕು, ಮತ್ತು ನೋಡುವ ಕ್ರಮವನ್ನು ಸ್ವಲ್ಪ ಬದಲಿಸಿಕೊಳ್ಳಬೇಕು.

ಶನಿವಾರ ಬೆಳಿಗ್ಗೆ ರೈಲಿಳಿದವರು ಪ್ರಧಾನಾಲಯಕ್ಕೆ ಓಡದೆ, ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ದುಂಡು ಕಲ್ಲಿನ ಗೋಪುರದ ಮುಂದೆ ನಿಲ್ಲಲಿ. ಒಂದು ಕಾಲದ ಕೋಟೆಯಲ್ಲಿ ಇವತ್ತು ಉಳಿದಿರುವುದು ಇದೇ. ಆಗ ಫ್ರಾನ್ಸ್ ಮತ್ತು ಇಂಗ್ಲೆಂಡ್ ನಡುವೆ ತಲೆಮಾರುಗಳಿಂದ ಯುದ್ಧ ನಡೆಯುತ್ತಿತ್ತು. 1419ರಿಂದ ರುವಾನ್ ಇಂಗ್ಲಿಷರ ವಶದಲ್ಲಿತ್ತು. ಫ್ರೆಂಚ್ ಸೈನ್ಯವನ್ನು ಗೆಲುವಿನತ್ತ ನಡೆಸಿದ ರೈತನ ಮಗಳು ಜೋನ್ 1430ರ ಮೇ ತಿಂಗಳಲ್ಲಿ ಕೊಂಪಿಯೇನ್ ಎಂಬಲ್ಲಿ ಸೆರೆಸಿಕ್ಕಳು. ಹಣ ಕೊಟ್ಟು ಅವಳನ್ನು ಕೊಂಡ ಇಂಗ್ಲಿಷರು ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಈ ಕೋಟೆಗೆ ತಂದರು. ಧರ್ಮಸಭೆಯ ನ್ಯಾಯಾಲಯ ವಿಚಾರಿಸುವ ಹೆಣ್ಣನ್ನು ಧರ್ಮಸಭೆಯ ಸೆರೆಯಲ್ಲಿ, ಹೆಂಗಸರ ಕಾವಲಿನಲ್ಲಿ ಇಡಬೇಕಿತ್ತು. ಜೋನಳನ್ನು ಸಂಕೋಲೆ ಹಾಕಿ ಸೈನಿಕರ ಕಾವಲಿನಲ್ಲಿಟ್ಟರು. ಅವಳಿದ್ದ ಕೋಣೆಯ ಗೋಪುರ ಈಗಿಲ್ಲ. ಇಂದು ನಿಂತಿರುವ ಗೋಪುರದಲ್ಲಿ 1431ರ ಮೇ 9ರಂದು ಚಿತ್ರಹಿಂಸೆಯ ಉಪಕರಣಗಳನ್ನು ತೋರಿಸಿ ಅವಳನ್ನು ಹೆದರಿಸಿದರು. ಅವಳು ಬಗ್ಗಲಿಲ್ಲ.

ವಿಚಾರಣೆಯ ಅಧ್ಯಕ್ಷತೆ ವಹಿಸಿದವರು ಬೊವೇ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ ಪಿಯೆರ್ ಕೊಶೋನ್. ಎದುರಿಗೆ ಕುಳಿತವರು ಗುರುಗಳು, ಮಠಾಧಿಪತಿಗಳು, ಪ್ಯಾರಿಸ್ ವಿಶ್ವವಿದ್ಯಾಲಯದ ದೈವಶಾಸ್ತ್ರಜ್ಞರು. ಹತ್ತೊಂಬತ್ತರ ಆಸುಪಾಸಿನ, ಓದುಬರಹವಿಲ್ಲದ ಹುಡುಗಿಯ ಪರವಾಗಿ ವಾದಿಸುವ ವಕೀಲನಿರಲಿಲ್ಲ. ನೀನು ದೇವರ ವರಪ್ರಸಾದದಲ್ಲಿರುವೆಯಾ ಎಂದು ಅವರು ಕೇಳಿದರು. ಹೌದೆಂದರೆ ಅಹಂಕಾರ, ಇಲ್ಲವೆಂದರೆ ತಪ್ಪೊಪ್ಪಿಗೆ. ಇಲ್ಲದಿದ್ದರೆ ದೇವರು ನನ್ನನ್ನು ಅದರಲ್ಲಿ ಇರಿಸಲಿ, ಇದ್ದರೆ ಅದರಲ್ಲೇ ಉಳಿಸಲಿ ಎಂಬರ್ಥದಲ್ಲಿ ಅವಳು ಕೊಟ್ಟ ಉತ್ತರಕ್ಕೆ ಪಂಡಿತರು ಬೆರಗಾದರು. ಆ ಮಾತು ಇಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲೇ ಸೇರಿದೆ. ಗುರುಮಠದಲ್ಲಿ ವರಪ್ರಸಾದದ ಬಗ್ಗೆ ಪುಟಗಟ್ಟಲೆ ಓದಿದ ನಮಗೆ ಅಷ್ಟು ಚೊಕ್ಕವಾಗಿ ಹೇಳಲು ಬಾರದು.

ಗೋಪುರದಿಂದ ಸಂತ ಊವೆನರ ಹೆಸರಿನ ಹಳೆಯ ಮಠದ ದೇವಾಲಯಕ್ಕೆ ನಡೆಯಿರಿ. ಪ್ರಧಾನಾಲಯದಷ್ಟೇ ಭವ್ಯ, ಆದರೆ ಜನಸಂದಣಿ ಕಡಿಮೆ. ಇಲ್ಲಿನ ಸಮಾಧಿಭೂಮಿಯಲ್ಲಿ ಮೇ 24ರಂದು ಎಲ್ಲರೆದುರು ಅವಳನ್ನು ನಿಲ್ಲಿಸಿದರು. ನನ್ನ ವಿಷಯವನ್ನು ರೋಮಿನಲ್ಲಿರುವ ಜಗದ್ಗುರುಗಳಿಗೆ ಒಪ್ಪಿಸಿ ಎಂದು ಅವಳು ಕೇಳಿದಾಗ, ಜಗದ್ಗುರುಗಳು ಬಹಳ ದೂರದಲ್ಲಿದ್ದಾರೆ ಎಂಬ ಉತ್ತರ ಬಂತು. ಬೆಂಕಿಯ ಭಯದಲ್ಲಿ ಅವಳು ತನ್ನ ಮಾತನ್ನು ಹಿಂತೆಗೆದುಕೊಂಡು ಹೇಳಿಕೆಗೆ ಗುರುತು ಹಾಕಿದ್ದೂ ಇಲ್ಲೇ. ನಾಲ್ಕೇ ದಿನದಲ್ಲಿ, ಹೆದರಿ ಹಾಗೆ ಮಾಡಿದೆ ಎಂದು ಹೇಳಿ ಮತ್ತೆ ತನ್ನ ಮಾತಿಗೇ ನಿಂತಳು. ಸಂತರು ಹೆದರುವುದಿಲ್ಲ ಎಂದು ಮಕ್ಕಳಿಗೆ ನಾವು ಹೇಳುವುದುಂಟು. ಈ ತೋಟದಲ್ಲಿ ಐದು ನಿಮಿಷ ಕೂತು ಅದನ್ನು ತಿದ್ದಿ ಹೇಳಬಹುದು.

ಮಧ್ಯಾಹ್ನ ಪ್ರಧಾನಾಲಯದ ಬೀದಿಗೆ ಬನ್ನಿ, ಆದರೆ ಒಳಗೆ ನಾಳೆ ಹೋಗೋಣ. ಅದಕ್ಕೆ ಅಂಟಿಕೊಂಡ ಮಹಾಧರ್ಮಾಧ್ಯಕ್ಷರ ಅರಮನೆಯಲ್ಲಿ 2015ರಲ್ಲಿ ಜೋನಳ ಕುರಿತ ವಸ್ತುಸಂಗ್ರಹಾಲಯ ಆರಂಭವಾಯಿತು. ಟಿಕೆಟ್ಟಿದೆ, ವೇಳೆ ಮೊದಲೇ ಕಾಯ್ದಿರಿಸುವುದು ಒಳ್ಳೆಯದು. ಜಾಗದ ಮಹತ್ವ ಬೇರೆಯೇ ಇದೆ. ಮಗಳು ಸತ್ತು ಇಪ್ಪತ್ತು ವರ್ಷ ಕಳೆದರೂ ತಾಯಿ ಇಸಬೆಲ್ ಬಿಡಲಿಲ್ಲ. ಅವಳ ಮನವಿಯ ಮೇಲೆ 1455ರಲ್ಲಿ ಜಗದ್ಗುರು ಮೂರನೇ ಕಲಿಸ್ತರು ಮರುವಿಚಾರಣೆಗೆ ಅಪ್ಪಣೆ ಕೊಟ್ಟರು. ಜೋನಳ ಹುಟ್ಟೂರಿನ ರೈತರು, ಜೊತೆಗೆ ಯುದ್ಧ ಮಾಡಿದವರು, ಮೊದಲ ನ್ಯಾಯಾಲಯದಲ್ಲಿ ಬರೆದುಕೊಂಡವರು ಸೇರಿ ನೂರಕ್ಕೂ ಹೆಚ್ಚು ಮಂದಿ ಸಾಕ್ಷಿ ಹೇಳಿದರು. 1456ರ ಜುಲೈ 7ರಂದು ಇದೇ ಅರಮನೆಯಲ್ಲಿ, ಮೊದಲಿನ ತೀರ್ಪು ಮೋಸದಿಂದ ಕೂಡಿದ್ದು, ಅಸಿಂಧು ಎಂದು ಧರ್ಮಸಭೆಯೇ ಸಾರಿತು. ಸುಟ್ಟ ಜಾಗದಲ್ಲಿ ಶಿಲುಬೆ ನೆಡಬೇಕೆಂದೂ ಆಜ್ಞಾಪಿಸಿತು. ಸಂತ ಪದವಿ ಬರಲು ಮಾತ್ರ 1920ರವರೆಗೆ ಕಾಯಬೇಕಾಯಿತು.

ಅಲ್ಲಿಂದ ಹಳೆಯ ಮಾರುಕಟ್ಟೆಗೆ ಹತ್ತು ನಿಮಿಷದ ದಾರಿ. ಎರಡೂ ಕಡೆ ಮರದ ಚೌಕಟ್ಟಿನ ಹಳೆಯ ಮನೆಗಳು, ನಡುವೆ ಬೀದಿಗೆ ಅಡ್ಡಲಾಗಿ ಕಮಾನಿನ ಮೇಲೆ ದೊಡ್ಡ ಗಡಿಯಾರ. ಅದಕ್ಕೆ ಒಂದೇ ಮುಳ್ಳು, ಗಂಟೆ ಮಾತ್ರ ತೋರಿಸುತ್ತದೆ. ಎಲ್ಲರೂ ಗಡಿಯಾರ ನೋಡುತ್ತಾರೆ. ನೀವು ಕಮಾನಿನ ಕೆಳಗೆ ನಿಂತು ತಲೆಯೆತ್ತಿ: ಕುರಿಗಳ ನಡುವೆ ಒಳ್ಳೆಯ ಕುರುಬನ ಕೆತ್ತನೆಯಿದೆ. ಉಣ್ಣೆಯ ವ್ಯಾಪಾರದಿಂದ ಬೆಳೆದ ಊರು ತನ್ನ ಲಾಂಛನವಾಗಿ ಆರಿಸಿಕೊಂಡದ್ದು ಪಾಸ್ಖದ ಕುರಿಮರಿಯನ್ನು.

ಮಾರುಕಟ್ಟೆಯ ಚೌಕಕ್ಕೆ ಸಂಜೆ ಬರುವುದೇ ಸರಿ. 1431ರ ಮೇ 30ರ ಬೆಳಿಗ್ಗೆ ಜೋನ್ ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿದಳು. ಪಾಷಂಡಿ ಎಂದು ತೀರ್ಪು ಕೊಡಲಿದ್ದವರೇ ಪರಮಪ್ರಸಾದಕ್ಕೆ ಅನುಮತಿ ಕೊಟ್ಟರು; ಅವರ ಮನಸ್ಸಾಕ್ಷಿಯ ಬಗ್ಗೆ ಬೇರೆ ಸಾಕ್ಷಿ ಬೇಕೇ? ಕಂಬಕ್ಕೆ ಕಟ್ಟಿದಾಗ ಅವಳು ಶಿಲುಬೆ ಕೇಳಿದಳು. ಪಕ್ಕದ ದೇವಾಲಯದಿಂದ ಶಿಲುಬೆ ತಂದು ಅವಳ ಕಣ್ಣೆದುರು ಎತ್ತಿ ಹಿಡಿದರು. ಯೇಸುವಿನ ಹೆಸರು ಕೂಗುತ್ತಾ ಪ್ರಾಣಬಿಟ್ಟಳು. ಬೂದಿಯನ್ನು ಸೇನ್ ನದಿಗೆ ಚೆಲ್ಲಿದರು, ಆದ್ದರಿಂದ ಅವಳಿಗೆ ಸಮಾಧಿಯಿಲ್ಲ. ಆ ಜಾಗದಲ್ಲಿ ಇಂದು ಎತ್ತರದ ಶಿಲುಬೆ, ಬದಿಯಲ್ಲಿ ಅವಳ ಹೆಸರಿನ ದೇವಾಲಯ. 1979ರಲ್ಲಿ ಕಟ್ಟಿದ್ದು, ಹೊರಗಿನಿಂದ ಮಗುಚಿದ ದೋಣಿಯಂತೆಯೂ ಬೆಂಕಿಯ ನಾಲಗೆಯಂತೆಯೂ ಕಾಣುತ್ತದೆ. ಇದು ದೇವಾಲಯವೇ ಎಂದು ಮೂಗು ಮುರಿಯುವವರೂ ಒಳಗೆ ಕಾಲಿಟ್ಟರೆ ಸುಮ್ಮನಾಗುತ್ತಾರೆ. ಅಲ್ಲಿರುವ ಬಣ್ಣದ ಗಾಜಿನ ಕಿಟಕಿಗಳು 16ನೇ ಶತಮಾನದವು. ಅವು ಸಂತ ವಿನ್ಸೆಂಟರ ದೇವಾಲಯದವು. ಯುದ್ಧಕ್ಕೆ ಹೆದರಿ ಮೊದಲೇ ಬಿಚ್ಚಿಟ್ಟಿದ್ದರು. 1944ರ ಬಾಂಬ್ ದಾಳಿಯಲ್ಲಿ ಆ ದೇವಾಲಯ ನಾಶವಾಯಿತು, ಕಿಟಕಿಗಳು ಉಳಿದವು.

ಊಟದ ವಿಷಯ. ಚೌಕದ ಸುತ್ತಲಿನ ಹೋಟೆಲುಗಳು ದುಬಾರಿ. ಒಳಗಿನ ಬೀದಿಗಳಲ್ಲಿ ಹುರುಳಿಯನ್ನು ಹೋಲುವ ಕಂದು ಹಿಟ್ಟಿನಿಂದ ನಮ್ಮ ದೋಸೆಯಂತೆಯೇ ಹುಯ್ಯುವ 'ಗಲೆತ್' ಸಿಗುತ್ತದೆ, ಹೊಟ್ಟೆಗೂ ಜೇಬಿಗೂ ಹಿತ. ಆ ಸೀಮೆಯ ಹೃದಯದಾಕಾರದ ನೋಶಾತೆಲ್ ಚೀಸನ್ನು ಮಕ್ಕಳಿಗೆ ಕೊಡಿಸಿ.

ಭಾನುವಾರ ಪೂಜೆಯಿಂದಲೇ ಆರಂಭ. ಗುರುಗಳ ಕೊರತೆಯಿಂದ ಫ್ರಾನ್ಸಿನ ಎಷ್ಟೋ ದೇವಾಲಯಗಳಲ್ಲಿ ಪ್ರತಿ ಭಾನುವಾರ ಪೂಜೆಯಿಲ್ಲ. ಹೋದಲ್ಲಿ ಎಲ್ಲಾದರೂ ಸಿಗುತ್ತದೆ ಎಂದುಕೊಳ್ಳದೆ, ಹೊರಡುವ ಮೊದಲೇ ರುವಾನ್ ಧರ್ಮಪ್ರಾಂತ್ಯದ ಜಾಲತಾಣದಲ್ಲಿ ವೇಳೆ ನೋಡಿಕೊಳ್ಳಿ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಕಟ್ಟಳೆಯನ್ನು ಪೂರೈಸುತ್ತದೆ. ಭಾಷೆ ಅರ್ಥವಾಗದೆಂಬ ಚಿಂತೆ ಬೇಡ. ಅಂದಿನ ವಾಚನಗಳನ್ನು ಬೆಳಿಗ್ಗೆ ಕೋಣೆಯಲ್ಲೇ ಕನ್ನಡದಲ್ಲಿ ಓದಿಕೊಂಡು ಹೋದರೆ ಸಾಕು.

ಪ್ರಧಾನಾಲಯಕ್ಕೆ ಪ್ರವೇಶ ಶುಲ್ಕವಿಲ್ಲ. 1905ರ ಕಾನೂನಿನ ನಂತರ ಅದು ಸರ್ಕಾರದ ಆಸ್ತಿ, ಪೂಜಾವಿಧಿಯ ಹಕ್ಕು ಧರ್ಮಸಭೆಯದು. ಹೊರಗೆ ನಿಂತಾಗ ಬಲಗಡೆ ಕಾಣುವ ಗೋಪುರದ ಹೆಸರು 'ಬೆಣ್ಣೆ ಗೋಪುರ'. ಆ ಕಾಲದ ತಪಸ್ಸುಕಾಲದಲ್ಲಿ ಮಾಂಸ ಮಾತ್ರವಲ್ಲ, ಬೆಣ್ಣೆಯೂ ನಿಷಿದ್ಧ. ನಾರ್ಮಂಡಿಯೋ ಹಸುಗಳ ನಾಡು. ಕಾಣಿಕೆ ಕೊಟ್ಟವರಿಗೆ ಬೆಣ್ಣೆ ತಿನ್ನಲು ವಿನಾಯಿತಿ ಸಿಕ್ಕಿತು. 15ನೇ ಶತಮಾನದ ಕೊನೆಯಲ್ಲಿ ಆ ಹಣದಿಂದ ಗೋಪುರ ಎದ್ದಿತು. ನಡುವಿನ ಕಬ್ಬಿಣದ ಶಿಖರ 151 ಮೀಟರ್, ಫ್ರಾನ್ಸಿನ ದೇವಾಲಯಗಳಲ್ಲೇ ಎತ್ತರ. ದುರಸ್ತಿ ನಡೆಯುತ್ತಿದ್ದಾಗ 2024ರ ಜುಲೈ 11ರಂದು ಅದಕ್ಕೆ ಬೆಂಕಿ ಹತ್ತಿತು, ಬೇಗನೆ ಆರಿಸಿದರು. ಚಿತ್ರಕಾರ ಮೋನೆ 1892ರಿಂದ 1894ರವರೆಗೆ ಈ ಮುಂಭಾಗವನ್ನೇ ಬೆಳಕು ಬದಲಾದಂತೆಲ್ಲ ಮೂವತ್ತು ಬಾರಿಯಾದರೂ ಚಿತ್ರಿಸಿದ. ಅದರಲ್ಲಿ ಒಂದು ಊರಿನ ಕಲಾ ಸಂಗ್ರಹಾಲಯದಲ್ಲಿದೆ. ಸಮಯವಿದ್ದರೆ ಸಂತ ಮಕ್ಲೂ ದೇವಾಲಯದ ಹಿಂದಿನ ಅಂಗಳವನ್ನೂ ನೋಡಿ: ಪ್ಲೇಗಿನಲ್ಲಿ ಸತ್ತವರ ಎಲುಬುಗಳನ್ನು ಇಡಲು ಕಟ್ಟಿದ ಮನೆಗಳ ತೊಲೆಗಳ ಮೇಲೆ ತಲೆಬುರುಡೆ, ಗುದ್ದಲಿಗಳ ಕೆತ್ತನೆಯಿದೆ. ಚಿಕ್ಕ ಮಕ್ಕಳು ಹೆದರಿಯಾರು.

ಉಳಿದ ಅರ್ಧ ದಿನಕ್ಕೆ ಹೆಚ್ಚಿನವರು ಲಿಸಿಯೂ ಎನ್ನುತ್ತಾರೆ. ಪುಟ್ಟ ಹೂವಿನ ಸಂತ ತೆರೇಸಮ್ಮನವರ ಊರು ಹತ್ತಿರವೇ ಇದೆ ನಿಜ. ಅವರು ಮಠದಲ್ಲಿ ಜೋನಳ ಬಗ್ಗೆ ನಾಟಕ ಬರೆದು ತಾವೇ ಜೋನಳ ವೇಷ ಹಾಕಿದವರು. ಆದರೆ ಅವಸರದಲ್ಲಿ ಓಡಿಹೋಗಿ ಬರುವ ಊರಲ್ಲ ಅದು, ಬೇರೆ ದಿನ ಇಡಿ. ಈ ಅರ್ಧ ದಿನ ರುವಾನಿನ ದಕ್ಷಿಣಕ್ಕಿರುವ ಸೇಂತ್ ಎತಿಯೆನ್ ದು ರುವ್ರೇ ಎಂಬ ಉಪನಗರಕ್ಕೆ ಸಲ್ಲಲಿ. ನಗರಸಾರಿಗೆಯಲ್ಲೇ ಹೋಗಬಹುದು. ನೋಡಲು ಅಲ್ಲಿ ವಿಶೇಷವೇನಿಲ್ಲ, ಸಾಮಾನ್ಯ ಕಾರ್ಮಿಕರ ಊರು, ಹಳೆಯ ಕಲ್ಲಿನ ಒಂದು ದೇವಾಲಯ.

2016ರ ಜುಲೈ 26ರ ಬೆಳಿಗ್ಗೆ ಆ ದೇವಾಲಯದಲ್ಲಿ ಫಾದರ್ ಜಾಕ್ ಹಾಮೆಲ್ ಬಲಿಪೂಜೆ ಅರ್ಪಿಸುತ್ತಿದ್ದರು. ಅವರಿಗೆ 85 ವರ್ಷ, ಗುರುದೀಕ್ಷೆಯಾಗಿ 58 ವರ್ಷ. ನಿವೃತ್ತರಾಗಿದ್ದರೂ ಧರ್ಮಕೇಂದ್ರಕ್ಕೆ ನೆರವಾಗುತ್ತಿದ್ದರು. ಪೂಜೆಗೆ ಬಂದಿದ್ದವರು ಮೂವರು ಧರ್ಮಭಗಿನಿಯರು, ಒಂದು ವೃದ್ಧ ದಂಪತಿ. ಅಷ್ಟೇ ಜನ. ವಾರದ ದಿನದ ಪೂಜೆಯಲ್ಲಿ ಖಾಲಿ ಬೆಂಚುಗಳನ್ನು ಕಾಣುವ ನಮ್ಮಂಥ ಗುರುಗಳಿಗೆ ಆ ದೃಶ್ಯ ಚೆನ್ನಾಗಿ ಗೊತ್ತು. ಉಗ್ರರ ಸಂಘಟನೆಯ ಹೆಸರು ಹೇಳಿಕೊಂಡು ಇಬ್ಬರು ಯುವಕರು ನುಗ್ಗಿ ಅವರನ್ನು ಬಲಿಪೀಠದ ಬಳಿಯೇ ಕೊಂದರು. ಇಬ್ಬರಿಗೂ ವಯಸ್ಸು ಹತ್ತೊಂಬತ್ತು. ಮುಂದಿನ ಭಾನುವಾರ ರುವಾನ್ ಪ್ರಧಾನಾಲಯದ ಪೂಜೆಗೆ ಮುಸ್ಲಿಮರೂ ಬಂದು ಕುಳಿತರು. ಫಾದರ್ ಹಾಮೆಲರ ತಂಗಿ ಮುಂದೆ ಕೊಲೆಗಾರರಲ್ಲಿ ಒಬ್ಬನ ತಾಯಿಯ ಮನೆಗೆ ಹೋದರು, ಇಬ್ಬರೂ ಸ್ನೇಹಿತೆಯರಾದರು. ಜಗದ್ಗುರು ಫ್ರಾನ್ಸಿಸರು ಐದು ವರ್ಷ ಕಾಯುವ ನಿಯಮವನ್ನು ಬಿಟ್ಟುಕೊಟ್ಟದ್ದರಿಂದ 2017ರಲ್ಲೇ ಅವರ ಸಂತ ಪದವಿಯ ವಿಚಾರಣೆ ಧರ್ಮಪ್ರಾಂತ್ಯದಲ್ಲಿ ಆರಂಭವಾಯಿತು. ಜೋನಳ ಮೇಲೆ ತೀರ್ಪು ಕೊಟ್ಟ ಊರಿನ ಧರ್ಮಪ್ರಾಂತ್ಯವೇ ಈ ಬಾರಿ ಸಾಕ್ಷಿಗಳನ್ನು ಕೂರಿಸಿ ಬರೆದುಕೊಂಡಿತು. 2019ರಲ್ಲಿ ಆ ಹಂತ ಮುಗಿಯಿತು.

ದೇವಾಲಯದ ಬಾಗಿಲು ಎಲ್ಲ ಹೊತ್ತಿನಲ್ಲೂ ತೆರೆದಿರುವುದಿಲ್ಲ. ಮುಚ್ಚಿದ್ದರೂ ಹೊರಗೆ ಸ್ಮಾರಕವಿದೆ, ಅಲ್ಲಿ ನಿಂತು ಒಂದು ಜಪಸರ ಹೇಳಬಹುದು. ಫಾದರ್ ಹಾಮೆಲರ ಸಮಾಧಿ ಇರುವುದು ರುವಾನಿನ ಪಕ್ಕದ ಬೊನ್‌ಸೆಕೂರ್ ಗುಡ್ಡದ ಮೇಲೆ, ನೆರವಿನ ಮಾತೆಯ ಬಸಿಲಿಕದ ಬಳಿಯ ಸ್ಮಶಾನದಲ್ಲಿ. ಆ ಗುಡ್ಡದಿಂದ ಇಡೀ ಊರು, ಪ್ರಧಾನಾಲಯದ ಶಿಖರ, ಸೇನ್ ನದಿ ಎಲ್ಲ ಕಾಣುತ್ತವೆ. ಭಾನುವಾರ ಬಸ್ಸುಗಳು ಕಡಿಮೆ. ಪ್ಯಾರಿಸಿನ ರೈಲಿಗೆ ಎರಡು ಗಂಟೆ ಮೊದಲೇ ಗುಡ್ಡದಿಂದ ಇಳಿಯಿರಿ.